ಆರನೆಯ ಹಾಡು ನಿಂತ ಜಾಗ

ಬಾಲಿಕ್ಚಿ
ಮಾರ್ಚ್ ೧೧, ೨೦೦೮

ಮುದ್ದಿನ ಅಳಿಯ ಎಸೆನ್,

ಇಸ್ಸಿಕ್-ಕುಲ್ ಸರೋವರದ ಸುತ್ತ ನನ್ನಷ್ಟು ಸಂಗೀತ ಬಲ್ಲವನು ಹುಟ್ಟಿಲ್ಲ. ನಾನು ಗಂಟಲು ಸರಿಮಾಡಿಕೊಂಡರೆ ಅಲೆಗಳೇ ಸುಮ್ಮನಾಗುತ್ತವೆ. ಅಂಥ ಮಾವನ ಕಾಗದ ಇದು, ಕೈ ತೊಳೆದು ಓದು. ನೊವೊಸಿಬಿರ್ಸ್ಕಿನ ಚಳಿಯಲ್ಲಿ ನಿನ್ನ ಕೆಮ್ಮು ಹೇಗಿದೆ? ಗೋದಾಮಿನಲ್ಲಿ ಬಿಸಿ ಚಹಾ ಕೊಡುತ್ತಾರೆಯೇ? ನನ್ನ ಮೊಣಕಾಲು ಹಾಗೇ ಇದೆ. ಉಳಿದದ್ದೂ ಹಾಗೇ ಇದೆ. ನಿನ್ನಮ್ಮ ಸೈರಾ ತೀರಿಹೋದ ಮೇಲೆ ಅಳೋಣವೆಂದು ಎಷ್ಟೋ ಸಲ ಕುಳಿತೆ, ಬರಲಿಲ್ಲ. ಎದ್ದು ಒಲೆಗೆ ಕಲ್ಲಿದ್ದಲು ಹಾಕಿದೆ.

ಮೊನ್ನೆ ಫೋನಿನಲ್ಲಿ ನಿನ್ನ ಕ್ಯಾಸೆಟ್ಟಿನ ಬಗ್ಗೆ ಕೇಳಿದೆಯಲ್ಲ, "ಮಾವ, ಆರನೇ ಹಾಡಾದ್ಮೇಲೆ ಅಮ್ಮ ಹಾಡಿರೋದು ಸರಿಯಾಗಿದೆ ತಾನೆ? ಅವಳ ದನಿ ಅಂತ ಇರೋದು ಅದೊಂದೇ," ಎಂದು. ಟೇಪು ಸವೆದು ಒಂದು ನಿಮಿಷ ಹೋಗಿರಬಹುದು ಎಂದೆ. ಮೂಲ ಕ್ಯಾಸೆಟ್ಟನ್ನು ಈ ಕಾಗದದ ಜೊತೆಗೇ ಕಳಿಸುತ್ತಿದ್ದೇನೆ.

ಅಡುಗೆಮನೆಯ ಬಾಗಿಲಿಗೆ ರಜಾಯಿ ಕಟ್ಟಿ, ತಗಡಿನ ಬೋಗುಣಿ ಬಡಿದು ನೀನು ಹಾಡಿ ತುಂಬಿಸಿದ್ದನ್ನು ನಾನೇ ಪ್ರತಿ ಮಾಡಿ ಊರಿಗೆ ಹಂಚಿದೆ. ಆರು ಹಾಡು, ಹತ್ತೊಂಬತ್ತು ನಿಮಿಷ. ವ್ಯಾನು ಓಡಿಸುವ ಸಾಪರ್ ಮೊದಲು ನಕ್ಕ: "ಏನ್ ಕುಬಾನಣ್ಣ, ಅಳಿಯ ಹಾಡ್ತಿದಾನೋ, ಕೆಟ್ಲು ಕುದೀತಿದ್ಯೋ?" ಈಗ ಬಿಷ್ಕೆಕ್ ದಾರಿಯುದ್ದ ಅದನ್ನೇ ತಿರುತಿರುಗಿ ಹಾಕುತ್ತಾನೆ. ಒಣಮೀನು ಮಾರುವ ನುರಿಲಾ ಹೇಳಿದಳು: "ಕೇಳಿದ್ರೆ ಅಳೂನೂ ಬರಲ್ಲ, ನಗೂನೂ ಬರಲ್ಲ. ತಣ್ಣೀರಲ್ಲಿ ಕೈ ಮರಗಟ್ಟಿದಂಗಿರತ್ತೆ. ಇನ್ನೊಂದ್ಸಲ ಹಾಕಣ್ಣ." ಕೊನೆಯ ಹಾಡು ಪಕ್ಕನೆ ಕತ್ತರಿಸಿದಂತೆ ನಿಲ್ಲುವುದೇ ಎಲ್ಲರಿಗೂ ಇಷ್ಟ. ನಾನು ಬೇಕೆಂದೇ ಹಾಗೆ ಮಾಡಿಸಿದ್ದು ಎಂದು ಜಂಬ ಕೊಚ್ಚಿದೆ.

ಹೊಟ್ಟೆ ತುಂಬ ಉಣ್ಣು, ದಾರಿ ನಿನಗೆ ಬೆಳ್ಳಗಿರಲಿ.

ನಿನ್ನ ಸೋದರಮಾವ,
ಕುಬಾನ್

ಕಾಗದ ಒಯ್ಯಲು ಬಂದ ಸಾಪರ್ ಹಾರನ್ ಹೊಡೆಯುತ್ತಿದ್ದಾನೆ, ಬೇಗ ಬರೆಯುತ್ತೇನೆ. ಟೇಪು ಸವೆದಿಲ್ಲ. ನೀನು ಊರು ಬಿಟ್ಟು ಹೊರಟ ವಾರವೇ ಒಂದು ಮದುವೆಯಲ್ಲಿ ಹಾರೈಕೆಯ ಮಾತು ನನ್ನದಿತ್ತು, ಅಭ್ಯಾಸಕ್ಕೆ ಖಾಲಿ ಕ್ಯಾಸೆಟ್ಟಿರಲಿಲ್ಲ. ಮೇಲೆ ಬೇರೇನೂ ತುಂಬಿಸಬಾರದೆಂದು ನೀನು ನಿನ್ನ ಕ್ಯಾಸೆಟ್ಟಿನ ಅಂಚಿನ ಪ್ಲಾಸ್ಟಿಕ್ ಚೂರು ಮುರಿದಿದ್ದೆ. ಆ ತೂತಿಗೆ ನಾನು ಗಾಯದ ಪಟ್ಟಿ ಅಂಟಿಸಿ, ಆರನೆಯ ಹಾಡಿನಾಚೆ ನನ್ನ ಮಾತು ತುಂಬಿಸಿದೆ. ಆಗ ಸೈರಾ ಪಕ್ಕದ ಕೋಣೆಯಲ್ಲೇ ಹಿಟ್ಟು ನಾದುತ್ತಿದ್ದಳು. ಅವಳ ದನಿ ಬೇಕೆಂದರೆ ಒಮ್ಮೆ ಕೂಗಿದರೆ ಸಾಕಿತ್ತು. ಈಗ ಅಲ್ಲಿ ನಾನು ಯಾರದೋ ಮಕ್ಕಳಿಗೆ ನೂರು ವರ್ಷ ಹಾರೈಸುತ್ತಿದ್ದೇನೆ. ಗಡಿಯಾರ ಹಿಡಿದು ಅಳೆದೆ. ಒಂದು ನಿಮಿಷವಲ್ಲ, ಎಸೆನ್. ಹನ್ನೊಂದು ನಿಮಿಷ, ನಲವತ್ತು ಸೆಕೆಂಡು. ಅವಳು ಹಾಡಿದ್ದು ಅಷ್ಟೇ ಇತ್ತು.