ನನ್ನ ಕೈಗೆ ತಕ್ಕ ಮೌಸ್

ಬುಧವಾರ, ಮಧ್ಯಾಹ್ನ

ನನ್ನ ಜಗಳಗಂಟಿ ಮಗಳಿಗೆ,

ಅಮ್ಮನ ಆಶೀರ್ವಾದ. ಇದಿಷ್ಟು ಶಾಸ್ತ್ರಕ್ಕೆ. ಮುಂದಿರುವುದೆಲ್ಲ ಬೈಗುಳ, ಕೂತುಕೊಂಡು ಓದು. ಫೋನಿನಲ್ಲಾದರೆ ನಡುವೆ ಬಾಯಿ ಹಾಕುತ್ತೀಯ, ಅದಕ್ಕೇ ಕಾಗದ.

ಮೂರು ವರ್ಷದಿಂದ ವಾರಕ್ಕೆ ನಾಲ್ಕು ಸಂಜೆ ನೀನು ನಿನ್ನ ಮನೆಯಿಂದ, ನಾನು ನನ್ನ ಮನೆಯಿಂದ, ಒಂದೇ ತಂಡದಲ್ಲಿ ಕಂಪ್ಯೂಟರ್ ಆಟ ಆಡಿದ್ದೇವೆ. ಕಲಿಸಿದವಳೂ ನೀನೇ. ಈಗ ಈ ಭಾನುವಾರದ ಪಂದ್ಯಕ್ಕೆ ನನ್ನನ್ನು ತೆಗೆದುಹಾಕಿದ್ದೀಯ. ಅದನ್ನಾದರೂ ಮೊದಲು ನನಗೆ ಹೇಳಿದೆಯಾ? ಐದನೇ ಜಾಗ ಖಾಲಿ ಇದೆ, ಬೇಕಾದವರು ಶುಕ್ರವಾರ ಬಂದು ಆಡಿ ತೋರಿಸಿ ಅಂತ ಲೋಕಕ್ಕೆಲ್ಲ ಕಾಣುವಂತೆ ಹಾಕಿದೆ. ಆಮೇಲೆ ನನಗೆ, ಅಮ್ಮಾ ನಿಂಗೂ ವಯಸ್ಸಾಯ್ತು, ಆರಾಮಾಗಿ ಇಸ್ಪೀಟು ಆಡ್ಕೊಂಡಿರು ಅಂತ ಒಂದು ಸಾಲು. ಐವತ್ತೊಂಬತ್ತು ಒಂದು ವಯಸ್ಸೇನೇ? ಓದಿದ ಕೂಡಲೇ ನನಗೆ ಮೈಯೆಲ್ಲ ಉರಿದುಹೋಯಿತು.

ಕಳೆದ ಪಂದ್ಯದಲ್ಲಿ ನನ್ನ ಗುಂಡು ನಿನ್ನ ಬೆನ್ನಿಗೇ ಬಿದ್ದು ತಂಡ ಸೋತದ್ದು ನಿಜ. ಒಲೆಯ ಮೇಲೆ ಹಾಲಿಟ್ಟಿದ್ದೆ, ಗಮನ ಆ ಕಡೆ ಹೋಯಿತು ಅಂದಿದ್ದೆ. ಆದರೆ ಅವತ್ತು ನನ್ನ ಕೈಯಲ್ಲಿದ್ದದ್ದು ಯಾವ ಮೌಸ್? ನೀನು ಕಳಿಸಿದ್ದು. ವೈರಿಲ್ಲ, ತೂಕವಿಲ್ಲ, ಆಟದ ನಡುವೆ ಚಾರ್ಜ್ ಮುಗಿದು ಕಣ್ಣು ಮುಚ್ಚುತ್ತದೆ. ಎಲ್ರೂ ಇದನ್ನೇ ಇಟ್ಕೊಳ್ಳೋದು ಅಂತ ನೀನಂದೆ. ಎಲ್ಲರ ಕೈ ಕಟ್ಟಿಕೊಂಡು ನನಗೇನಾಗಬೇಕು?

ಸೋಮವಾರ ನಾನೇ ಅಂಗಡಿಗೆ ಹೋದೆ. ಅಂಗಡಿಯವನು ನನ್ನ ಮುಖ ನೋಡಿದ್ದೇ ತಡ, ನಿಮಗೆ ಇದು ಸಾಕಮ್ಮಾ ಅಂತ ಆಫೀಸಿನ ಮೌಸೊಂದನ್ನು ತಂದಿಟ್ಟ. ಆಟಕ್ಕೆ ಬೇಕು ಅಂದೆ. ಮೊಮ್ಮಗನಿಗಾ ಅಂದ. ನನಗೇ ಕಣಪ್ಪಾ ಅಂದದ್ದಕ್ಕೆ ಹಲ್ಲು ಕಿರಿದ. ಆ ಹಲ್ಲು ಒಳಗೆ ಹೋಗುವವರೆಗೂ ಡಬ್ಬಿಗಳನ್ನು ಬಿಚ್ಚಿಸಿದೆ. ಹಗುರ ಇದ್ದಷ್ಟೂ ಒಳ್ಳೇದು ಅಂತ ಅವನದೂ ನಿನ್ನದೇ ರಾಗ. ಕೊನೆಗೆ ಕೆಳಗಿನ ಖಾನೆಯಿಂದ ಧೂಳು ಹಿಡಿದ ಒಂದನ್ನು ತೆಗೆದ. ಗಟ್ಟಿ ವೈರು. ಹೆಬ್ಬೆರಳ ಕಡೆಯ ಹಿಡಿಯನ್ನು ಬದಲಿಸಬಹುದು, ಯಾವ ಗುಂಡಿ ಯಾವ ಕೆಲಸ ಮಾಡಬೇಕು ಅಂತ ನಾವೇ ಗೊತ್ತುಮಾಡಬಹುದು, ಹೊಟ್ಟೆಯ ಮುಚ್ಚಳ ತೆಗೆದು ಪುಟ್ಟ ಪುಟ್ಟ ತೂಕಗಳನ್ನು ಐದರವರೆಗೆ ಕೂರಿಸಬಹುದು. ನಾನು ಐದನ್ನೂ ಕೂರಿಸಿದೆ. ಹಾಗೆ ಯಾರೂ ಹಾಕಲ್ಲಮ್ಮಾ, ಕಲ್ಲಾಗುತ್ತೆ ಅಂದ.

ಮೂವತ್ತೊಂದು ವರ್ಷ ಗಾರ್ಮೆಂಟ್ಸಿನಲ್ಲಿ ಬಟ್ಟೆ ಕತ್ತರಿಸಿದವಳು ನಾನು. ನುಣುಪು ಬಟ್ಟೆಯನ್ನು ಪದರ ಪದರವಾಗಿ ಹಾಸಿ, ಜಾರದ ಹಾಗೆ ಮೇಲೆ ಕಬ್ಬಿಣದ ತುಂಡುಗಳನ್ನಿಟ್ಟು, ಆಮೇಲೆ ಕತ್ತರಿ ಆಡಿಸುತ್ತಿದ್ದೆ. ಅಲುಗುವುದನ್ನು ತೂಕವಿಟ್ಟು ನಿಲ್ಲಿಸಬೇಕು ಅಂತ ನನಗೆ ಅವನು ಹೇಳಿಕೊಡಬೇಕಾಗಿಲ್ಲ.

ಅಲುಗುವುದೇನು ಅಂತ ಕೇಳುತ್ತೀಯ. ಹಾಲಿನ ಕಥೆ ಸುಳ್ಳು. ಎಂಟು ತಿಂಗಳಿಂದ ನನ್ನ ಬಲಗೈ ನಡುಗುತ್ತಿದೆ. ತೋರುಬೆರಳಿನಿಂದ ಒಮ್ಮೆ ಒತ್ತಿದರೆ ಅದು ಎರಡು ಸಲ ಒತ್ತುತ್ತದೆ. ಮೊದಲ ಗುಂಡು ಶತ್ರುವಿಗೆ, ಎರಡನೆಯದು ಅಡ್ಡ ಬಂದ ನಿನಗೆ. ಪ್ರಾಣಕ್ಕೇನೂ ಇಲ್ಲ, ಆದ್ರೆ ಪೂರ್ತಿ ಹೋಗೋದೂ ಇಲ್ಲ ಅಂತ ಡಾಕ್ಟರಮ್ಮ ಹೇಳಿದರು. ಕೆಲಸ ಬಿಟ್ಟದ್ದೂ ಇದಕ್ಕೇ, ನಿನ್ನ ಹತ್ತಿರ ಸಾಕಾಯ್ತು ಅಂದುಬಿಟ್ಟೆ. ಕತ್ತರಿ ಕೈಬಿಟ್ಟಿತು, ನುಂಗಿಕೊಂಡೆ. ಈ ಆಟವೂ ಹೋದರೆ ನಮ್ಮಿಬ್ಬರ ನಡುವೆ ಉಳಿಯುವುದು ಊಟ ಆಯ್ತಾ, ಹ್ಞೂಂ ಆಯ್ತು ಅನ್ನುವ ಎರಡು ನಿಮಿಷದ ಫೋನು. ಅದನ್ನು ಮಾತ್ರ ನುಂಗಲಾರೆ.

ಈಗ ಗುಂಡು ಹಾರಿಸುವ ಕೆಲಸವನ್ನು ತೋರುಬೆರಳಿನಿಂದ ಕಿತ್ತು ಹೆಬ್ಬೆರಳಿನ ಗುಂಡಿಗೆ ಕೊಟ್ಟಿದ್ದೇನೆ. ಹೆಬ್ಬೆರಳು ನಡುಗುವುದಿಲ್ಲ. ಐದು ತೂಕ ಹೊತ್ತ ಮೌಸ್ ಸುಮ್ಮಸುಮ್ಮನೆ ಹಾರಾಡುವುದೂ ಇಲ್ಲ. ನನ್ನನ್ನೂ ಶುಕ್ರವಾರ ಕರೆದು ಆಡಿಸಿ ನೋಡು. ಸೋತರೆ ನಾನೇ ಎದ್ದು ಹೋಗುತ್ತೇನೆ. ಆದರೆ ವಯಸ್ಸಿನ ನೆಪ ಹೇಳಿ ಮೂಲೆಗೆ ಕೂರಿಸಲು ಬಂದರೆ ಜಾಗ್ರತೆ.

ಸಿಟ್ಟು ಒಂದಿಷ್ಟೂ ಇಳಿಯದ,
ನಿನ್ನ ಅಮ್ಮ

ತಾ.ಕ., ಶನಿವಾರ: ಬರೆದದ್ದನ್ನು ಕಳಿಸಲು ಧೈರ್ಯ ಸಾಲದೆ ಮಡಿಸಿಟ್ಟಿದ್ದೆ. ಈಗ ಫೋಟೋ ತೆಗೆದು ಕಳಿಸುತ್ತಿದ್ದೇನೆ. ನಿನ್ನೆ ಬಂದ ಒಂಬತ್ತು ಜನರಲ್ಲಿ ನೀನು ಆರಿಸಿಕೊಂಡೆಯಲ್ಲ, ‘ಮೌನಿ’ ಅಂತ ಹೆಸರಿಟ್ಟುಕೊಂಡು, ಮೈಕ್ ಕೆಟ್ಟಿದೆ ಅಂತ ಬರೇ ಟೈಪ್ ಮಾಡುತ್ತಿದ್ದವನನ್ನು, ಅವನು ನಾನೇ. ಆಟ ಮುಗಿದ ಮೇಲೆ ನೀನು ಅವನ ಹತ್ತಿರ ಅರ್ಧ ಗಂಟೆ ಮಾತಾಡಿದೆ. ಈ ಜಾಗ ನಮ್ಮಮ್ಮಂದು, ಅವ್ರ ಕೈ ನಡುಗೋದನ್ನ ವಿಡಿಯೋ ಕಾಲ್‌ನಲ್ಲಿ ನೋಡ್ದೆ, ಅವರಾಗೇ ಹೇಳ್ಲಿ ಅಂತ ತಿಂಗಳುಗಟ್ಟಲೆ ಕಾದೆ, ಹೇಳ್ಲಿಲ್ಲ, ನಾನೂ ಕೇಳೋಕೆ ಹೆದರ್ಕೊಂಡು ವಯಸ್ಸು ಅಂದ್ಬಿಟ್ಟೆ ಅಂತ ನೀನು ಅತ್ತುಬಿಟ್ಟೆ. ಯಾರೋ ಗುರುತಿಲ್ಲದವನ ಮುಂದೆ ನೀನು ಅಳಬಲ್ಲೆ, ನನ್ನ ಮುಂದೆ ಆಗುವುದಿಲ್ಲವಾ? ನೆಟ್ ಹೋಯಿತು ಅನ್ನುವ ಹಾಗೆ ನಾನು ಎದ್ದುಬಿಟ್ಟೆ. ನಾಳೆ ನಾಲ್ಕಕ್ಕೆ ಮೌನಿ ಬರುತ್ತಾನೆ, ಮೈಕ್ ಹಾಕಿಕೊಂಡೇ ಬರುತ್ತಾನೆ. ಮೊದಲು ನಿನಗೆ ಚೆನ್ನಾಗಿ ಬೈಯುತ್ತೇನೆ, ಆಮೇಲೆ ಆಡೋಣ.