ಅಳಿಸಿದ ನಲವತ್ತೊಂದು ಸಾಲು

೧೧ ಜನವರಿ ೨೦೨೪, ಕುಷ್ಟಗಿ

ಐದೂವರೆಗೆ ಎದ್ದೆ. ಹಾಲು ಕಾಸಿಟ್ಟು ಏಳರವರೆಗೆ ಥೀಸಿಸ್. ಎಂಟಕ್ಕೆ ಕಾಲೇಜು — ಪಿಯು ಹುಡುಗಿಯರಿಗೆ ಜೀವಕೋಶದ ಪಾಠ. ಸಂಜೆ ನಾನೇ ವಿದ್ಯಾರ್ಥಿನಿ. ನಲವತ್ತೆಂಟು ವರ್ಷಕ್ಕೆ ಬಯೋಇನ್ಫರ್ಮ್ಯಾಟಿಕ್ಸ್, ಡೇಟಾ ಸೈನ್ಸ್. ಎರಡು ವರ್ಷದ ಕೋರ್ಸು, ನನಗೆ ನಾಲ್ಕನೆಯ ವರ್ಷ. ಫೆಬ್ರವರಿ ಹತ್ತು, ಸಂಜೆ ಐದು — ಕೊನೆಯ ಗಡುವು. ಇನ್ನು ಎಕ್ಸ್‌ಟೆನ್ಷನ್ ಇಲ್ಲ.

ಲ್ಯಾಪ್‌ಟಾಪ್ ಎತ್ತರಿಸಲು ಕೆಳಗೆ ಕವನ ಸಂಕಲನಗಳು. ಓದಿ ಎಷ್ಟು ತಿಂಗಳಾಯಿತೋ.

ಗೈಡ್ ದೀಪಿಕಾ ಮೇಡಂ ಫೋನಿನಲ್ಲಿ, "ನಿಮ್ಮಷ್ಟು ಕ್ಲೀನ್ ಡೇಟಾ ಯಾರದ್ದೂ ಇಲ್ಲ" ಅಂದರು. ಹಿಗ್ಗಿದೆ. ಸುಳ್ಳೇಕೆ ಹೇಳಲಿ. ಯಲಬುರ್ಗಾ ಕಡೆಯ ಆರು ಹಳ್ಳಿ, ೪೧೨ ಜನರ ರಕ್ತ. ಥಲಸೇಮಿಯಾ ಅಂಶ ಯಾರಲ್ಲಿದೆ ಅಂತ. ಎರಡೆರಡು ಸಲ ನಮೂದಾದವರನ್ನು ತೆಗೆದ ಮೇಲೆ ೩೭೧. ಒಂದೇ ಸಾಲಿನ ಪ್ರೋಗ್ರಾಮು — ನಲವತ್ತೊಂದು ಸಾಲು ಕಣ್ಣು ಮಿಟುಕಿಸುವುದರಲ್ಲಿ ಹೋದವು.

೧೯ ಜನವರಿ

ಕುಕನೂರು ಬಸ್ ಸ್ಟ್ಯಾಂಡಿನಲ್ಲಿ ಮೆಹಬೂಬಬೀ ಸಿಕ್ಕಳು. ಆಶಾ ಕಾರ್ಯಕರ್ತೆ. ರಕ್ತಪರೀಕ್ಷೆಯ ಕ್ಯಾಂಪಿಗೆ ಜನರನ್ನು ಕರೆತಂದವಳು, ಆಮೇಲೆ ಫಲಿತಾಂಶದ ಚೀಟಿ ಹಂಚಿದವಳು.

"ಮೇಡಂರೀ, ಬಾವಿ ಕಡೀ ಹುಲಗಮ್ಮ ಜಗಳಕ್ಕ ನಿಂತಾಳ. ಎಲ್ಲಾರಿಗೂ ಚೀಟಿ ಬಂತು, ನಂದೆಲ್ಲಿ ಅಂತ."

"ಹುಲಗಮ್ಮ, ಗಂಡ ಯಮನೂರಪ್ಪ. ಕೊಟ್ಟೀನಲ್ಲ?"

"ಅದು ಗಿರಣಿ ಹುಲಗಮ್ಮಗ ಹೋತ್ರಿ. ಆಕಿ ಗಂಡನೂ ಯಮನೂರಪ್ಪನ. ಮಗಳ ಮದುವಿ ಐತಂತ ಆಕೀನ ಮೊದಲ ಓಡಿ ಬಂದ್ಲು. ನಮ್ಮೂರಾಗ 'ಏ ಹುಲಗೀ' ಅಂತ ಒದರಿದ್ರ ಅರ್ಧ ಓಣಿ ಹೊರಗ ಬರತೈತ್ರಿ!"

ನಕ್ಕಳು. ನಾನೂ ನಕ್ಕೆ. ಬಸ್ಸಿನಲ್ಲಿ ಕೂತ ಮೇಲೆ ಆ ನಲವತ್ತೊಂದು ಸಾಲು ನೆನಪಾದವು.

ಅದೇ ದಿನ, ಸಂಜೆ

ಹಳೆಯ ಪಟ್ಟಿ ತೆಗೆದೆ. ಸಾಲು ೧೧೮: ಹುಲಗಮ್ಮ, ಗಂಡ ಯಮನೂರಪ್ಪ, ವಯಸ್ಸು ೪೦. ಸಾಲು ೨೪೬: ಅದೇ ಹೆಸರು, ಅದೇ ಗಂಡ, ಅದೇ ಊರು, ೪೦. ಪ್ರೋಗ್ರಾಮು ಮೊದಲನೆಯದನ್ನು ಉಳಿಸಿ ಎರಡನೆಯದನ್ನು ಅಳಿಸಿದೆ.

ವಯಸ್ಸು ಕೇಳಿದರೆ "ನೀವ ನೋಡಿ ಬರ್ಕೋರಿ" ಅಂದಿದ್ದರು. ನಾನೇ ನೋಡಿ ನಲವತ್ತು ಅಂತ ಬರೆದವಳು. ಇಬ್ಬರಿಗೂ.

೧೧೮ರಲ್ಲಿ ಏನೂ ಇಲ್ಲ. ೨೪೬ರಲ್ಲಿ ಥಲಸೇಮಿಯಾ ಅಂಶ ಇದೆ. ೨೪೬ರ ಫಾರ್ಮಿನ ಮೂಲೆಯಲ್ಲಿ ಪೆನ್ಸಿಲ್ಲಿನಲ್ಲಿ, ನನ್ನದೇ ಅಕ್ಷರ: ಗಿರಣಿ ಹತ್ತಿರ.

ಅಂದರೆ "ಏನೂ ಇಲ್ಲ" ಎಂಬ ಚೀಟಿ, ಇರುವವಳ ಕೈಯಲ್ಲಿದೆ.

೨೦ ಜನವರಿ

ಮೆಹಬೂಬಬೀಗೆ ಫೋನು ಮಾಡಿ ಕೇಳಿದೆ. ಗಿರಣಿ ಹುಲಗಮ್ಮನ ಮಗಳು ಕವಿತಾ. ಗಂಗಾವತಿಯ ಹಾಸ್ಟೆಲ್‌ನಲ್ಲಿದ್ದು ಬಿ.ಎ. ಓದುತ್ತಾಳೆ, ಕ್ಯಾಂಪಿನ ದಿನ ಊರಲ್ಲಿರಲಿಲ್ಲ. ಹುಡುಗ ತಿರುಮಲೇಶ — ಹುಲಗಮ್ಮನ ಸ್ವಂತ ತಮ್ಮ. ಕವಿತಾಳ ಸೋದರಮಾವ. ಫೆಬ್ರವರಿ ಹದಿನೆಂಟಕ್ಕೆ ಮದುವೆ, ಅಕ್ಕಿಕಾಳು.

ತಿರುಮಲೇಶನ ರಕ್ತದಲ್ಲಿ ಇದೆ. ಅದನ್ನು ಅವರಿಗೆ ಹೇಳಿದ್ದೇವೆ. ಹುಡುಗಿಯ ತಂದೆತಾಯಿ ಇಬ್ಬರಿಗೂ ಇಲ್ಲವೆಂದರೆ ಹುಡುಗಿಗೂ ಇರದು, ಹೆದರಬೇಡಿ — ಅದನ್ನೂ ಹೇಳಿದ್ದೇವೆ. ನನ್ನ ಚೀಟಿ ನಂಬಿ ಸಂಬಂಧ ಗಟ್ಟಿ ಮಾಡಿದ್ದಾರೆ.

ಒಬ್ಬರಲ್ಲಿದ್ದರೆ ಅವರಿಗೆ ಏನೂ ಆಗದು. ಗಂಡಹೆಂಡತಿ ಇಬ್ಬರಲ್ಲೂ ಇದ್ದರೆ, ಪ್ರತಿ ಸಲ ಬಸಿರಾದಾಗಲೂ ನಾಲ್ಕರಲ್ಲಿ ಒಂದು ಪಾಲು — ಮಗು ತಿಂಗಳಿಗೊಮ್ಮೆ ಬೇರೆಯವರ ರಕ್ತ ಏರಿಸಿಕೊಂಡು ಬದುಕಬೇಕು.

ಇದನ್ನು ನಾನು ಪುಸ್ತಕದಿಂದ ಕಲಿತದ್ದಲ್ಲ.

೨೨ ಜನವರಿ

ದೀಪಿಕಾ ಮೇಡಂಗೆ ಎಲ್ಲ ಹೇಳಿದೆ. ಅವರೆಂದರು: "ನಲವತ್ತೊಂದನ್ನೂ ಮತ್ತೆ ಪರಿಶೀಲಿಸಿದರೆ ಗಡುವು ತಪ್ಪುತ್ತೆ ಮೇಡಂ. ಮಿತಿಗಳು ಅಂತ ಒಂದು ಪ್ಯಾರಾ ಸೇರಿಸಿ ಸಬ್ಮಿಟ್ ಮಾಡಿ. ಆ ಕುಟುಂಬಕ್ಕೆ ಬೇರೆಯಾಗಿ ತಿಳಿಸಿ." ಕೆಟ್ಟವರಲ್ಲ. ನನಗಾಗಿಯೇ ಹೇಳಿದರು.

ಒಂದು ಪ್ಯಾರಾ...

ಕವನದಲ್ಲಿ ಅದೇ ಮಾತು ಎರಡನೇ ಸಲ ಬಂದರೆ ಯಾರೂ ಅಳಿಸುವುದಿಲ್ಲ. ಎರಡನೇ ಸಲ ಅದು ಬೇರೆಯೇ ಮಾತು. ಮೂವತ್ತು ವರ್ಷ ಕವನ ಓದಿದವಳಿಗೆ ಇದು ಹೊಳೆಯಲಿಲ್ಲ.

೨ ಫೆಬ್ರವರಿ

ಹನ್ನೊಂದು ದಿನ ಬರೆಯಲಿಲ್ಲ. ಹುಲಗಮ್ಮನ ಮನೆಗೆ ಹೋಗಲೂ ಇಲ್ಲ. ದಿನಾ ಬೆಳಿಗ್ಗೆ ಇವತ್ತು ಹೋಗುತ್ತೇನೆ ಅಂದುಕೊಳ್ಳುವುದು, ಎರಡನೇ ಪೀರಿಯಡ್ ಹೊತ್ತಿಗೆ ನಾಳೆ ಅನ್ನುವುದು. ಇದನ್ನು ಬರೆದಿಡಬೇಕು. ಯಾರೂ ಓದದಿದ್ದರೂ.

ಊಟಕ್ಕೆ ಕೂತಾಗ ಮಾಮ ಕೇಳಿದ, "ಶಿವಲೀಲಾ, ಏನಾಗೈತಿ? ಮೂರು ದಿನದಿಂದ ಸಾರಿಗಿ ಉಪ್ಪಿಲ್ಲ." ಹೇಳಿದೆ. ಸರ್ವೇ ಆಫೀಸಿನವನು. ತುತ್ತು ಕೆಳಗಿಟ್ಟ.

"ನಮ್ಮ ಪಹಣಿಯಾಗ ಒಂದ ಹೆಸರಿನವ್ರು ಹತ್ತು ಮಂದಿ ಇರ್ತಾರ. ಅಡ್ಡಹೆಸರು ಕೇಳಲಾರದ ನಾವು ಅಳತಿ ಸರಪಳಿ ಹಿಡಿಯೂದಿಲ್ಲ. ನನಗೊಂದು ಮಾತು ಕೇಳಬಾರದಿತ್ತೇನು?"

ಕೇಳಬೇಕಿತ್ತು. ರಕ್ತದ ವಿಷಯ ನಮ್ಮಿಬ್ಬರ ನಡುವೆ ಬಾರದೆ ಹದಿನೆಂಟು ವರ್ಷ. ಮಾಮ ಅಂದರೆ ನನ್ನ ಗಂಡ, ವಿರೂಪಾಕ್ಷಪ್ಪ. ಅವ್ವನ ತಮ್ಮ. ೧೯೯೭ರಲ್ಲಿ ಮದುವೆ. ಬಾಯಿಗೆ ಬರುವುದು ಇವತ್ತಿಗೂ ಮಾಮ ಅಂತಲೇ.

ಕಲ್ಲೇಶ ಹುಟ್ಟಿದ್ದು ೯೯ರಲ್ಲಿ. ಏಳು ವರ್ಷ ಇದ್ದ. ಅವನ ರಿಪೋರ್ಟು ಬಂದ ದಿನ ಮಾಮ ಆಸ್ಪತ್ರೆಯ ಬಾಗಿಲಲ್ಲಿ ನಿಂತು ಓದಿದ. ಓದುತ್ತ ಗೋಡೆ ಹಿಡಿದು ಮೆಲ್ಲಗೆ ಕೂತುಬಿಟ್ಟ. ನನಗೆ ಓದಿ ಹೇಳಲೇ ಇಲ್ಲ.

೩ ಫೆಬ್ರವರಿ

ಹೋದೆ. ಗಿರಣಿ ಹುಲಗಮ್ಮ ಹಪ್ಪಳ ಒಣಹಾಕುತ್ತಿದ್ದಳು. ನಿಂತೇ ಕೇಳಿಸಿಕೊಂಡಳು. ಒಳಗೆ ಹೋಗಿ ಚೀಟಿ ತಂದಳು. ಪ್ಲಾಸ್ಟಿಕ್ ಹಾಳೆಯಲ್ಲಿಟ್ಟಿದ್ದಾಳೆ. ಕುಂಕುಮ ಬೇರೆ.

"ಅಕ್ಕಾರ, ಇದು ನೀವ ಕೊಟ್ಟದ್ದು ಹೌದಿಲ್ಲೋ?"

"ಹೌದವ್ವ. ತಪ್ಪು ನಂದು."

"ಅವತ್ತಿಂದು ತಪ್ಪಂತೀರಿ. ಮತ್ತ ಇವತ್ತು ಹೇಳೂದು ಖರೇ ಅಂತ ಹೆಂಗ ನಂಬ್ಲಿ? ನಾಳೆ ಬಂದು ಇದೂ ತಪ್ಪಂದ್ರ? ಕಾರ್ಡು ಹಂಚೇವಿ. ಮದುವಿ ಕೆಟ್ರ ನನ್ನ ಮಗಳ ರಕ್ತಾನ ಕೆಟ್ಟದ್ದಂತ ಊರು ಅಂತೈತಿ. ಆಕೀನ್ನ ನಿಮ್ಮನಿಗಿ ತುಂಬಿಸ್ಕೊಂತೀರೇನು?"

ಹಪ್ಪಳ ದಾಟಿಕೊಂಡು ಹೊರಗೆ ಬಂದೆ. ಬಸ್ಸಿನಲ್ಲಿ ಅತ್ತೆ. ಕಂಡಕ್ಟರ್ ಟಿಕೆಟ್ ಕೇಳದೆ ಮುಂದೆ ಹೋದ, ತಿರುಗಿ ಬರುವಾಗ ಕೊಟ್ಟ.

೪ ಫೆಬ್ರವರಿ

ಮಾಮ ಇಸ್ತ್ರಿ ಅಂಗಿ ಹಾಕಿಕೊಂಡು ನಿಂತಿದ್ದ. "ನಡಿ, ನಾನೂ ಬರ್ತೀನಿ."

ಹುಲಗಮ್ಮ ಬಾಗಿಲಲ್ಲೇ, "ಇವ್ರು ಯಾರ್ರಿ, ದೊಡ್ಡ ಡಾಕ್ಟರೇನು?" ಅಂದಳು. ಮಾಮ ಚಪ್ಪಲಿ ಬಿಟ್ಟು ಅಂಗಳದಲ್ಲೇ ಕೂತ.

"ಡಾಕ್ಟರ್ ಅಲ್ಲವ್ವ. ನಾನು ಈಕೀ ಸೋದರಮಾವ. ಈಕೀ ಗಂಡ. ನಮಗೊಬ್ಬ ಮಗ ಇದ್ದ."

ಆಮೇಲೆ ಹೇಳಿದ. ತಿಂಗಳಿಗೊಮ್ಮೆ ರಕ್ತಕ್ಕೆ ಹುಬ್ಬಳ್ಳಿಗೆ ಓಡುತ್ತಿದ್ದದ್ದು. ಸೂಜಿ ಚುಚ್ಚಿ ಚುಚ್ಚಿ ಕೈಯಲ್ಲಿ ನರ ಸಿಗದಾದದ್ದು. "ಅಪ್ಪಾ, ಈ ಸಲ ಕಾಲಿಗಿ ಚುಚ್ಚಂತ ಹೇಳು" ಅಂದ ಕಲ್ಲೇಶನ ಮಾತು. ಅದು ನನಗೆ ಗೊತ್ತೇ ಇರಲಿಲ್ಲ. ನಾನು ಚಹಾ ತರಲು ಹೋಗಿದ್ದೆನಂತೆ. ಇಷ್ಟು ವರ್ಷ ಒಬ್ಬನೇ ಇಟ್ಟುಕೊಂಡಿದ್ದ.

ಹುಲಗಮ್ಮ ಸೆರಗು ಬಾಯಿಗೆ ಹಿಡಿದಿದ್ದಳು.

ಒಳಗಿನಿಂದ ಕವಿತಾ ಬಂದಳು, ಮದುವೆಗೆಂದು ಹಾಸ್ಟೆಲ್‌ನಿಂದ ಊರಿಗೆ ಬಂದಿದ್ದವಳು. ಕೈಯಲ್ಲಿ ಆಗಲೇ ಅರ್ಧ ಡಜನ್ ಹಸಿರು ಬಳೆ. ಅವನ್ನು ಮೇಲಕ್ಕೆ ಸರಿಸಿ ತೋಳು ಚಾಚಿದಳು. "ತಗೋರಿ ಅಕ್ಕಾರ. ನನ್ನ ರಕ್ತದಾಗೂ ಇದ್ರ ಲಗ್ನ ಇಲ್ಲ. ತಿರುಮಲೇಶ ಮಾಮಾಗ ನಾನ ಹೇಳ್ತೀನಿ. ಆದ್ರ ಸೀಸೆ ಮ್ಯಾಲ ಹೆಸರು ನಾನ ಬರೀತೀನಿ."

ಮೆಹಬೂಬಬೀ ಸಿರಿಂಜ್ ಹಿಡಿದ ನರ್ಸನ್ನು ಕರೆತಂದಳು. ಕವಿತಾ ಬರೆದಳು: ಹೆಸರು, ತಾಯಿ, ತಂದೆ, ಹುಟ್ಟಿದ ತಾರೀಖು, ಗಿರಣಿ ಮನಿ. ಸಣ್ಣ ಲೇಬಲ್ಲು. ತುಂಬಿ ಹೋಯಿತು.

೭ ಫೆಬ್ರವರಿ

ನಲವತ್ತೊಂದರಲ್ಲಿ ಹದಿನಾರು ಪರಿಶೀಲಿಸಿದೆ. ಹದಿನಾಲ್ಕು ಬೇರೆ ಬೇರೆ ಮನುಷ್ಯರು. ಒಬ್ಬೊಬ್ಬರನ್ನೂ ಮನೆ ಕೇಳಿ ಹುಡುಕಬೇಕು. ಗಡುವು ಮುಟ್ಟುವುದಿಲ್ಲ, ಗೊತ್ತು. ದೀಪಿಕಾ ಮೇಡಂಗೆ ಬರೆದೆ. "ಇಷ್ಟು ದೂರ ಬಂದು..." ಅಂತಷ್ಟೇ ಉತ್ತರ.

ಕಲ್ಲೇಶನ ಹೆಸರು ಥೀಸಿಸ್‌ನ ಮೊದಲ ಪುಟಕ್ಕೆ ಹಾಕಬೇಕೆಂದಿದ್ದೆ.

೧೦ ಫೆಬ್ರವರಿ, ಸಂಜೆ ೪.೪೦

ಫೈಲು ತೆರೆದಿದೆ. ಬಟನ್ ಮೇಲೆ ಕೈ ಇಟ್ಟು ತೆಗೆದೆ. ಎರಡು ಸಲ.

೫.೦೫

ಪೋರ್ಟಲ್ ಮುಚ್ಚಿತು. ಅಳು ಬರಲಿಲ್ಲ. ಲ್ಯಾಪ್‌ಟಾಪ್ ಕೆಳಗಿನಿಂದ ಒಂದು ಪುಸ್ತಕ ಎಳೆದೆ. ಒಂದು ಸಾಲೂ ಒಳಗಿಳಿಯಲಿಲ್ಲ.

೫.೨೦

ಮಾಮನ ಫೋನಿಗೆ ಕವಿತಾಳ ರಿಪೋರ್ಟು ಬಂದಿದೆ. "ಓದ್ಲೇನು?" ಅಂದ. ಈ ಸಲ ಜೋರಾಗಿ ಓದು ಮಾಮ, ಮೊದಲು ಆಕೀನ ಹೌದೋ ಅಲ್ಲೋ ನೋಡು ಅಂದೆ. ಕನ್ನಡಕ ಒರೆಸಿಕೊಂಡ. ಬಾಗಿಲಲ್ಲಿ ನಿಂತೇ ಓದುತ್ತಿದ್ದಾನೆ. ಕವಿತಾ. ತಾಯಿ ಹುಲಗಮ್ಮ. ತಂದೆ ಯಮನೂರಪ್ಪ. ಗಿರಣಿ ಮನಿ. ಆಕೆಯದೇ. ಮುಂದಿನ ಸಾಲಿಗೆ ದನಿ ನಿಂತಿತು. ಒಂದು ಕೈ ಗೋಡೆಗೆ ಹೋಯಿತು. ಓದು ಮಾಮ, ಅಂದೆ, ಕೂತರೂ ಪರವಾಗಿಲ್ಲ, ನನಗೆ ಓದಿ ಹೇಳು. ಗೋಡೆ ಹಿಡಿದು ನಿಂತೇ ಜೋರಾಗಿ ಓದಿದ: ಥಲಸೇಮಿಯಾ ಅಂಶ ಇದೆ.