ನಾಲ್ಕಿಂಚು ಉದ್ದವಾದ ನಿಲುವಂಗಿ

ಹೊಲಿಗೆ ಅಂಗಡಿಯಿಂದ
ಡಿಸೆಂಬರ್ ೨೬, ಮಧ್ಯಾಹ್ನ

ಪ್ರೀತಿಯ ಮಗಳಿಗೆ ಅಪ್ಪನ ಆಶೀರ್ವಾದಗಳು.

ಹೇಗಿದ್ದೀಯಮ್ಮಾ? ಪಾದದ ಊತ ಇಳಿಯಿತೇ? ರಕ್ತದೊತ್ತಡ ಹತೋಟಿಗೆ ಬಂದಿದೆ ಎಂದು ಅಳಿಯಂದಿರು ಫೋನಿನಲ್ಲಿ ಹೇಳಿದರು. ಹೆರಿಗೆಯಾಗುವ ತನಕ ಆಸ್ಪತ್ರೆಯ ಹಾಸಿಗೆ ಬಿಟ್ಟು ಏಳಕೂಡದು ಎಂದು ಡಾಕ್ಟರು ಹೇಳಿದ ಮೇಲೆ ಏಳಕೂಡದು, ಅಷ್ಟೇ. ಸುಮ್ಮನೆ ಮಲಗುವುದು ನಿನ್ನ ಜಾಯಮಾನವಲ್ಲ. ಅದು ನಿನಗೆ ಬಂದದ್ದು ನನ್ನಿಂದಲೇ, ಹಾಗಾಗಿ ಬೈಯುವ ಹಕ್ಕು ನನಗಿಲ್ಲ. ಎಂಟು ವರ್ಷಕ್ಕೆ ಒಂದು ಕಾಗದ ಬರೆಯುವಾಗಲೂ ಉಪದೇಶದಿಂದಲೇ ಶುರುಮಾಡಿದರಲ್ಲ ಎಂದು ನಗಬೇಡ. ನಕ್ಕರೂ ಪರವಾಗಿಲ್ಲ, ಕಾಗದ ಹರಿಯದೆ ಕೊನೆಯ ತನಕ ಓದು.

ನಿನ್ನ ಮಗಳು ಚೆನ್ನಾಗಿದ್ದಾಳೆ. ಹೊಟ್ಟೆ ತುಂಬ ಉಣ್ಣುತ್ತಾಳೆ, ನನ್ನ ತಲೆ ತಿನ್ನುವುದು ಬೇರೆ. ಅಂಗಡಿಯಲ್ಲಿ ಗುಂಡಿ ಕಾಜಾ ಹಾಕುವ ಅಕ್ಕ ಅವಳಿಗೆ ಇನ್ಸ್‌ಪೆಕ್ಟರಮ್ಮ ಎಂದು ಹೆಸರಿಟ್ಟಿದ್ದಾಳೆ. ಮೆಷಿನ್ನಿಗೆ ಎಣ್ಣೆ ಬಿಟ್ಟು ಎಷ್ಟು ದಿನವಾಯಿತು, ಬಟ್ಟೆಯ ಕತ್ತರಿಯಲ್ಲಿ ಕಾಗದ ಯಾಕೆ ಕತ್ತರಿಸಬಾರದು, ಹೋದ ವರ್ಷ ಹೊಲಿಸಿದ ಪ್ಯಾಂಟು ಒಯ್ಯದವರು ಈಗ ಏನು ಹಾಕಿಕೊಂಡು ಓಡಾಡುತ್ತಾರೆ, ಎಲ್ಲಕ್ಕೂ ನಾನು ಜವಾಬು ಕೊಡಬೇಕು. ರಾತ್ರಿ ಎಂಟೂವರೆಗೆ ಮಲಗಿಸುತ್ತೇನೆ. ಬೂಟಿನ ಲೇಸು ನೀನು ಹೇಳಿದ ಹಾಗೆ ಸಡಿಲವಾಗಿಯೇ ಕಟ್ಟುತ್ತೇನೆ, ಅವಳು ಎರಡು ಸಲ ಪರೀಕ್ಷೆ ಮಾಡಿ ಪಾಸು ಮಾಡುತ್ತಾಳೆ.

ಅಳಿಯಂದಿರು ಅವಳನ್ನು ಬಿಟ್ಟು ಹೋದ ದಿನ ಅವಳ ಚೀಲದಲ್ಲಿ ನಿನ್ನ ಚೀಟಿ ಸಿಕ್ಕಿತು. ಬೇರೆ ದಾರಿಯಿಲ್ಲದೆ ಕಳಿಸುತ್ತಿದ್ದೇನೆ, ಎಡಗಾಲಿನ ಬೂಟು ಬಿಗಿಯಬೇಡಿ, ಎರಡನೇ ತಾರೀಕು ಅವಳಪ್ಪ ಬಂದು ಕರೆದುಕೊಂಡು ಹೋಗುತ್ತಾರೆ. ಮೂರೇ ಸಾಲು. ಮೇಲೆ ‘ಅಪ್ಪಾ’ ಎಂದಿರಲಿಲ್ಲ, ಕೆಳಗೆ ನಿನ್ನ ಸಹಿಯಿರಲಿಲ್ಲ. ದೂರುತ್ತಿಲ್ಲ ಮಗಳೇ. ಬೇರೆ ದಾರಿಯಿಲ್ಲದಾಗಲಾದರೂ ನನ್ನ ಬಾಗಿಲು ನಿನಗೆ ನೆನಪಾಯಿತಲ್ಲ, ಅದಕ್ಕೆ ಎಷ್ಟು ಋಣಿಯಾಗಿದ್ದೇನೆ ಎಂದು ಹೇಳಲು ನನ್ನ ಹತ್ತಿರ ಮಾತಿಲ್ಲ.

ಅವಳು ಒಳಗೆ ಬಂದವಳೇ ಅಂಗಡಿಯ ಸುತ್ತ ಕಣ್ಣಾಡಿಸಿ, "ಅಜ್ಜ, ಕೆಲಸ ಎಲ್ಲ ಮುಗೀತಾ?" ಎಂದಳು. ನನಗೆ ತಲೆಬುಡ ತಿಳಿಯಲಿಲ್ಲ. "ಕ್ರಿಸ್‌ಮಸ್ ಬಂದ್ರೆ ನಿಮಗೆ ಹೊಲಿಯೋದು ಜಾಸ್ತಿ ಅಂತೆ, ಅದಕ್ಕೇ ನಮ್ಮನೇಗೆ ಬರೋಕಾಗಲ್ಲ ಅಂತೆ. ಅಮ್ಮ ಯಾವಾಗ್ಲೂ ಹೇಳ್ತಾಳೆ." ನಾನು ಹೂಂ ಎಂದು ಟೇಪು ಹುಡುಕುವವನ ಹಾಗೆ ಆ ಕಡೆ ತಿರುಗಿದೆ. ಟೇಪು ಕೊರಳಲ್ಲೇ ಇತ್ತು. ಇಷ್ಟು ವರ್ಷ ನನ್ನ ಮಾನವನ್ನು ಆ ಮಗುವಿನ ಮುಂದೆ ಕಾಪಾಡಿಕೊಂಡು ಬಂದೆಯಲ್ಲ, ನನ್ನ ಮೇಲೆ ಅಷ್ಟು ಸಿಟ್ಟಿದ್ದೂ. ನಾನು ನಿನ್ನ ಜಾಗದಲ್ಲಿದ್ದಿದ್ದರೆ ಊರೆಲ್ಲ ಡಂಗುರ ಸಾರುತ್ತಿದ್ದೆ.

ಅವಳು ಹುಟ್ಟಿದ ಮೂರನೇ ದಿನ ನಾನು ಆಡಿದ ಮಾತನ್ನು ಇದುವರೆಗೆ ಯಾರ ಮುಂದೆಯೂ ಬಾಯಿಬಿಟ್ಟು ಹೇಳಿಲ್ಲ. ಈಗ ಬರೆಯುತ್ತೇನೆ, ಏಕೆಂದರೆ ನಾನು ಮರೆತಿದ್ದೇನೆ ಎಂದು ನೀನು ತಿಳಿದಿರಬಹುದು. ಮಗುವನ್ನು ನೋಡಲು ಜನ ಬರುತ್ತಿದ್ದರು. ನಾನು ಬಟ್ಟೆ ಎಳೆದು ಅವಳ ಗಿಡ್ಡ ಎಡಗಾಲು ಮುಚ್ಚಿ, "ಬಂದವರಿಗೆಲ್ಲ ಇದನ್ನ ತೋರಿಸಬೇಡ, ನಾನು ತಲೆ ಎತ್ತಿ ಓಡಾಡೋದು ಬೇಡ್ವಾ" ಎಂದೆ. ಸಂಜೆ ಹೊತ್ತಿಗೆ ಆಸ್ಪತ್ರೆಯ ಹಾಸಿಗೆ ಖಾಲಿಯಾಗಿತ್ತು, ಮಗುವನ್ನೆತ್ತಿಕೊಂಡು ನೀನು ಹೊರಟುಹೋಗಿದ್ದೆ. ನಿನ್ನಮ್ಮ ಬದುಕಿದ್ದಿದ್ದರೆ ಅಲ್ಲೇ ನನ್ನ ಬಾಯಿ ಮುಚ್ಚಿಸುತ್ತಿದ್ದಳು.

ಅವಳು ಬಂದು ಎರಡು ದಿನವಾಗಿತ್ತು, ನನ್ನ ಅಳತೆ ಪುಸ್ತಕ ಹಿಡಿದು ಕೂತಿದ್ದಳು. "ಅಜ್ಜ, ಎಲ್ಲರಿಗೂ ಎಡಕ್ಕೊಂದು ಬಲಕ್ಕೊಂದು ಬರೆದಿದೀರಲ್ಲ?" ಎಂದಳು. ನನಗೆ ಜಂಬ ಬಂತು. ಎರಡು ಭುಜ ಒಂದೇ ಸಮ ಇರುವ ಮನುಷ್ಯನನ್ನು ನಾನು ಐವತ್ತು ವರ್ಷದಲ್ಲಿ ಕಂಡಿಲ್ಲ ಎಂದು ಶುರುಮಾಡಿದೆ. ಬ್ಯಾಂಕಿನ ಮ್ಯಾನೇಜರಿಗೆ ಬಲಭುಜ ಮುಕ್ಕಾಲು ಇಂಚು ಇಳಿದಿದೆ, ಒಳಗೆ ಹತ್ತಿ ಇಟ್ಟು ಎತ್ತುತ್ತೇನೆ. ನಮ್ಮ ಪಾದ್ರಿಗಳಿಗೆ ಒಂದು ಕಾಲು ಅರ್ಧ ಇಂಚು ಗಿಡ್ಡ, ಅದು ಅವರಿಗೇ ಗೊತ್ತಿಲ್ಲ. ಅವಳು ಎಲ್ಲ ಕೇಳಿಸಿಕೊಂಡು, "ಹಾಗಾದ್ರೆ ನಂದೂ ಅಷ್ಟೇ, ಸ್ವಲ್ಪ ಜಾಸ್ತಿ" ಎಂದು ಪುಟ ತಿರುಗಿಸಿದಳು. ಆಮೇಲೆ ನನಗೆ ಸೂಜಿಗೆ ದಾರ ಪೋಣಿಸಲಾಗಲಿಲ್ಲ, ಕಾಜಾ ಅಕ್ಕ ಪೋಣಿಸಿ ಕೊಟ್ಟಳು. ಊರವರ ಓರೆಕೋರೆಯನ್ನೆಲ್ಲ ಸಹಜ ಎಂದುಕೊಂಡು ಹೊಟ್ಟೆ ಹೊರೆದವನು ನಾನು. ಸ್ವಂತ ಮೊಮ್ಮಗಳದು ಮಾತ್ರ ಅವಮಾನ ಅನ್ನಿಸಿತಲ್ಲ, ನನಗೇನಾಗಿತ್ತು?

ಆಗಲಾದರೂ ಬುದ್ಧಿ ಬರಬೇಕಿತ್ತು. ಬರಲಿಲ್ಲ. ಚರ್ಚಿನ ಮಕ್ಕಳ ಕ್ರಿಸ್‌ಮಸ್ ನಾಟಕದಲ್ಲಿ ಬಾಲಯೇಸುವಿಗೆ ಉಡುಗೊರೆ ತರುವ ಮೂವರು ರಾಜರಲ್ಲಿ ಒಬ್ಬನಿಗೆ ಸೀತಾಳೆ ಸಿಡುಬು ಬಂದು, ಆ ಪಾತ್ರ ಇವಳಿಗೆ ಸಿಕ್ಕಿತು. ರಾಜರ ನಿಲುವಂಗಿ ಹೊಲಿಯುವುದು ಯಾವತ್ತೂ ನನ್ನ ಕೆಲಸವೇ. ಹಳೆಯ ನೇರಳೆ ಪರದೆಯೊಂದನ್ನು ಬಿಚ್ಚಿ ಅವಳಿಗೆಂದೇ ಹೊಲಿದೆ, ಕೊರಳಿಗೆ ಜರಿ ಪಟ್ಟಿ ಹಾಕಿದೆ. ಅಂಚು ಮಡಿಚುವಾಗ ಮಾತ್ರ ಅಳತೆಗಿಂತ ನಾಲ್ಕಿಂಚು ಹೆಚ್ಚು ಬಿಟ್ಟೆ. ರಾಜರ ಬಟ್ಟೆ ನೆಲ ಮುಟ್ಟಿದರೇ ಚಂದ ಎಂದು ನನಗೆ ನಾನೇ ಹೇಳಿಕೊಂಡೆ. ಎಡಗಾಲಿನ ಆ ದಪ್ಪ ಅಟ್ಟೆಯ ಬೂಟು ಜನರ ಕಣ್ಣಿಗೆ ಬೀಳದಿರಲಿ ಎನ್ನುವುದೇ ನಿಜವಾದ ಕಾರಣ.

ಇಪ್ಪತ್ತಮೂರಕ್ಕೆ ಕೊನೆಯ ರಿಹರ್ಸಲ್. ಮೆಟ್ಟಿಲು ಹತ್ತುವಾಗ ಅಂಗಿಯ ಅಂಚು ಕಾಲಿಗೆ ಸಿಕ್ಕಿ ಮುಗ್ಗರಿಸಿ ಬಿದ್ದಳು. ಗದ್ದ ತರಚಿತು, ಅಷ್ಟೇ, ಗಾಬರಿಯಾಗಬೇಡ, ಈಗ ಹಕ್ಕಳೆ ಕಟ್ಟಿದೆ. ಟೀಚರ್ ಓಡಿ ಬಂದು, "ಪಾಪ, ಕಾಲು ಹೀಗಿರುವಾಗ ಯಾಕೆ ಸುಮ್ನೆ, ಕುರಿ ಕಾಯೋರ ಪಾತ್ರದ ಮಕ್ಕಳ ಜೊತೆ ಕೂತ್ಕೊಳ್ಳಲಿ" ಎಂದರು. ಮಗು ಎದ್ದು ಧೂಳು ಕೊಡವಿ, "ಕಾಲಿಂದಲ್ಲ ಟೀಚರ್, ಅಂಗಿ ಉದ್ದ ಆಯ್ತು" ಎಂದಳು. ಹೊಲಿದವರು ಯಾರು ಎಂದು ಹೇಳಲಿಲ್ಲ, ನನ್ನ ಕಡೆ ನೋಡಲೂ ಇಲ್ಲ. ನೀನೂ ಹೀಗೆಯೇ ಅಲ್ಲವೇ ನನ್ನ ಮರ್ಯಾದೆ ಉಳಿಸಿದ್ದು? ನಾನು ಎದ್ದು ನಿಂತು, ತಪ್ಪು ನನ್ನದು ಎಂದು ಎಲ್ಲರ ಮುಂದೆ ಹೇಳಿ, ಜೇಬಿನ ಕತ್ತರಿ ತೆಗೆದು ಮೊಣಕಾಲೂರಿ ಕೂತು ಸುತ್ತಲೂ ಕತ್ತರಿಸಿದೆ. ಬೂಟು ಪೂರ್ತಿ ಕಾಣುವ ಹಾಗೆ.

ಮನೆಗೆ ಬಂದ ಮೇಲೆ ಕೇಳಿದಳು: "ಇಷ್ಟು ಚೆನ್ನಾಗಿ ಹೊಲೀತೀಯ, ಅಳತೆ ಹೇಗೆ ತಪ್ಪಿದೆ ಅಜ್ಜ?" ‘ನೀವು’ ಹೋಗಿ ‘ನೀನು’ ಬಂದಿತ್ತು. ಆ ಸಲಿಗೆ ಸಿಕ್ಕ ಮೇಲೆ ಸುಳ್ಳು ಹೇಳಲು ಬಾಯಿ ಬರಲಿಲ್ಲ. ಅಂಗಿಯ ವಿಷಯ ಹೇಳಿದೆ, ಆಸ್ಪತ್ರೆಯ ಮಾತೂ ಹೇಳಿದೆ, ನನಗೆ ಯಾವ ಕೆಲಸವೂ ಜಾಸ್ತಿ ಇರಲಿಲ್ಲ ಎಂದೂ ಹೇಳಿದೆ. ನಿನ್ನನ್ನು ಕೇಳದೆ ಹೇಳಿದ್ದಕ್ಕೆ ಬೈದರೆ ಬೈಸಿಕೊಳ್ಳುತ್ತೇನೆ. ಅವಳು ಗದ್ದದ ಗಾಯ ಮುಟ್ಟಿ ನೋಡಿಕೊಂಡಳು. ಆಮೇಲೆ, "ಅಮ್ಮನ ಹತ್ರ ಸಾರಿ ಕೇಳಿದ್ಯಾ?" ಎಂದಳು. ಇಲ್ಲ, ಮೊದಲು ನಿನ್ನ ಹತ್ತಿರ ಕೇಳುತ್ತೇನೆ ಎಂದೆ. "ನಂಗೆ ಅದು ನೆನಪೇ ಇಲ್ವಲ್ಲ ಅಜ್ಜ. ನೆನಪಿರೋದು ಅಮ್ಮಂಗೆ" ಎಂದಳು. ಎಂಟು ವರ್ಷದ ಹುಡುಗಿ ಹಾಗೆಂದದ್ದಕ್ಕೇ ಈ ಕಾಗದ ಬರೆಯುತ್ತಿದ್ದೇನೆ.

ಇಪ್ಪತ್ನಾಲ್ಕರ ಸಂಜೆ ನೀನು ನೋಡಬೇಕಿತ್ತು. ಚರ್ಚು ಕಿಕ್ಕಿರಿದಿತ್ತು. ಇಬ್ಬರು ರಾಜರು ಸರಸರನೆ ಹೋಗಿ ಮುಂದೆ ನಿಂತರು. ನಮ್ಮವಳು ತನ್ನದೇ ನಡಿಗೆಯಲ್ಲಿ, ಟಕ್ ಟಕ್ ಎಂದು, ಉಡುಗೊರೆ ಪೆಟ್ಟಿಗೆ ಎತ್ತಿ ಹಿಡಿದು ನಡೆದಳು. ಅವಳು ಅರ್ಧ ದಾರಿಯಲ್ಲಿದ್ದಾಗಲೇ ಹಾಡು ಮುಗಿಯಿತು. ಆರ್ಗನ್ ನುಡಿಸುವವರು ತಲೆಯೆತ್ತಿ ನೋಡಿ, ಮೊದಲ ಚರಣದಿಂದ ಮತ್ತೆ ಹಿಡಿದರು. ಎಲ್ಲರೂ ಹಾಡಿದರು. ಅವಸರ ಅವಳಿಗೂ ಇರಲಿಲ್ಲ, ಹಾಡುವವರಿಗೂ ಇರಲಿಲ್ಲ. ಪಕ್ಕದಲ್ಲಿದ್ದ ಬ್ಯಾಂಕ್ ಮ್ಯಾನೇಜರರನ್ನು ತಿವಿದು, "ನನ್ನ ಮೊಮ್ಮಗಳು" ಎಂದೆ. ಗೊತ್ತು ಎಂದರು. ಮತ್ತೊಂದು ಸಲ ಹೇಳಿದೆ. ಇಷ್ಟು ಸಂತೋಷದ ಕ್ರಿಸ್‌ಮಸ್ ನನಗೆ ಸಿಕ್ಕಿದ್ದು ನಿನ್ನಿಂದ ಮಗಳೇ, ನಿನಗೆ ಕೈ ಮುಗಿಯುತ್ತೇನೆ.

ಅಳಿಯಂದಿರಿಗೆ ನನ್ನ ನಮಸ್ಕಾರ ತಿಳಿಸು. ಕಾಜಾ ಅಕ್ಕ ನಿನ್ನನ್ನು ತುಂಬ ಕೇಳಿದ್ದಾಳೆ. ದೇವರು ನಿನ್ನನ್ನೂ ಬರಲಿರುವ ಕೂಸನ್ನೂ ಸುಖವಾಗಿಡಲಿ. ಹೊತ್ತಿಗೆ ಸರಿಯಾಗಿ ಮಾತ್ರೆ ತೆಗೆದುಕೊ.

ಇತಿ,
ನಿನ್ನ ಅಪ್ಪ

ಮರೆತ ಮಾತು: ಇನ್ಸ್‌ಪೆಕ್ಟರಮ್ಮ ಕಾಗದ ಓದಿ, "ಬರೆಯಬೇಕಾದ್ದನ್ನೇ ಬರೆದಿಲ್ಲ" ಎಂದು ವಾಪಸು ಕೊಟ್ಟಿದ್ದಾಳೆ. ಅಂಚೆಗೆ ಹೊತ್ತಾಯಿತು, ಅವಸರದಲ್ಲಿ ಬರೆಯುತ್ತೇನೆ. ಎರಡನೇ ತಾರೀಕು ಅಳಿಯಂದಿರ, ಮಗುವಿನ ಜೊತೆ ನಾನೂ ಆಸ್ಪತ್ರೆಗೆ ಬರಲೇ? ಬೇಡ ಎಂದರೆ ಬೇಸರವಿಲ್ಲ ಎಂದು ಬರೆಯಹೊರಟೆ, ಅದು ಸುಳ್ಳು, ಬೇಸರವಾಗುತ್ತದೆ. ಆದರೂ ಬೇಡ ಎನ್ನುವ ಹಕ್ಕು ನಿನ್ನದು. ತಪ್ಪಾಯಿತು ಮಗಳೇ. ಇದನ್ನು ಇಷ್ಟು ಕೆಳಗೆ ತಂದು ಬರೆದದ್ದಕ್ಕೂ ತಪ್ಪಾಯಿತು.